ಸನ್ನಿ ಸೈಡ್: ಮಡಿಕೇರಿಯ ಒಂದು ಮನೆ ಮತ್ತು ನಮ್ಮ ಸೀಮೆಯ ಒಂದು ಪ್ರಶ್ನೆ



ನಿಮ್ಮ ಊರಿನಲ್ಲಿ ವಾಡೆ ಇದೆಯೇ? ಗದಗ-ಬೆಟಗೇರಿಯ ಸುತ್ತಮುತ್ತ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಸೀಮೆಯಲ್ಲಿ ಬೆಳೆದವರಿಗೆ ವಾಡೆ ಎಂದರೆ ಏನೆಂದು ವಿವರಿಸಬೇಕಾಗಿಲ್ಲ. ಆಳೆತ್ತರಕ್ಕೂ ಮಿಗಿಲಾದ ದೊಡ್ಡ ಬಾಗಿಲು, ದಾಟಿದೊಡನೆ ಅಂಗಳ, ಎದುರಿಗೆ ಸಾಗವಾನಿ ಕಂಬಗಳ ಪಡಸಾಲೆ, ಒಂದು ಬದಿಗೆ ದನಗಳ ಗ್ವಾದಲಿ, ನೆಲದೊಳಗೆ ಜೋಳ ತುಂಬುವ ಹಗೇವು, ಮೇಲೆ ಮಣ್ಣಿನ ಮಾಳಿಗೆ, ಮಾಳಿಗೆಯಲ್ಲಿ ಬೆಳಕಿಂಡಿ. ಗೌಡರ ವಾಡೆ, ದೇಸಾಯರ ವಾಡೆ, ಕುಲಕರ್ಣಿಯವರ ವಾಡೆ ಎಂದು ಜನ ಇಂದಿಗೂ ಕರೆಯುತ್ತಾರೆ. ಆದರೆ ಒಳಗೆ ಹೋಗಿ ನೋಡಿದರೆ ಅನೇಕ ಕಡೆ ಅಣ್ಣತಮ್ಮಂದಿರ ಪಾಲಾಗಿ ನಡುವೆ ಗೋಡೆ ಎದ್ದಿರುತ್ತದೆ. ಒಂದು ಭಾಗಕ್ಕೆ ಬೀಗ, ಇನ್ನೊಂದು ಭಾಗದಲ್ಲಿ ಮಾಳಿಗೆ ಕುಸಿದು ಎಕ್ಕದ ಗಿಡ. ಕೆತ್ತನೆಯ ಕಂಬ, ಬಾಗಿಲ ಚೌಕಟ್ಟುಗಳನ್ನು ಕೊಂಡು ಲಾರಿಯಲ್ಲಿ ಒಯ್ಯುವವರೂ ಬರುತ್ತಾರೆ. ನಮ್ಮ ಪಡಸಾಲೆಯ ಕಂಬ ದೂರದ ಯಾವುದೋ ಹೋಟೆಲಿನ ಅಲಂಕಾರವಾಗುತ್ತದೆ.

ಇದೇ ಸೀಮೆಯ ಲಕ್ಕುಂಡಿಯಲ್ಲಿ ಸಾವಿರ ವರ್ಷದ ಹಿಂದಿನ ಬಸದಿ, ಗುಡಿ, ಬಾವಿಗಳನ್ನು ಕಾಪಾಡಿದ್ದೇವೆ. ಅಲ್ಲಿ ಶಿಲ್ಪಗಳ ವಸ್ತುಸಂಗ್ರಹಾಲಯವೂ ಇದೆ. ಆದರೆ ಆ ಗುಡಿಗೆ ನಡೆದುಕೊಂಡವರು ಮಲಗುತ್ತಿದ್ದ ಮನೆ ಒಂದೂ ಉಳಿದಿಲ್ಲ. ಕಲ್ಲು ನಿಂತಿತು, ಮಣ್ಣು ಕರಗಿತು ಎನ್ನುವುದು ಅದಕ್ಕೆ ಒಂದು ಕಾರಣ. ಇನ್ನೊಂದು ಕಾರಣ ನಮ್ಮ ಮನೋಭಾವ. ದೇವರ ಮನೆ ಚರಿತ್ರೆ ಎನಿಸುತ್ತದೆ, ರಾಜರ ಅರಮನೆ ಚರಿತ್ರೆ ಎನಿಸುತ್ತದೆ. ಸಂಸಾರ ಮಾಡಿದ ಮನೆ ಬರೀ ಹಳೆಯ ಮನೆ ಎನಿಸುತ್ತದೆ.

ಇದಕ್ಕೆ ಹೊರತಾದವು ನಮ್ಮ ರಾಜ್ಯದಲ್ಲಿ ಕೆಲವು ಉಂಟು. ಮುದ್ದೇನಹಳ್ಳಿಯಲ್ಲಿ ವಿಶ್ವೇಶ್ವರಯ್ಯನವರ ಮನೆ, ಕುಪ್ಪಳಿಯಲ್ಲಿ ಕುವೆಂಪು ಅವರ ಮನೆ, ಪುತ್ತೂರಿನ ಬಾಲವನದಲ್ಲಿ ಶಿವರಾಮ ಕಾರಂತರ ಮನೆ. ಈ ಸಲ ನಾವು ನೋಡಲಿರುವುದು ಅಷ್ಟು ಹೆಸರಾಗದ ಇನ್ನೊಂದನ್ನು, ಮಡಿಕೇರಿಯ ‘ಸನ್ನಿ ಸೈಡ್’. ಬ್ರಿಟಿಷರ ಆಳ್ವಿಕೆಯ ಕಾಲದ ಕಾಫಿ ಬೆಳೆಗಾರರ ಮನೆತನವೊಂದು ಬಾಳಿದ ಹಂಚಿನ ಮಾಡಿನ ಬಂಗಲೆ ಅದು. ಭಾರತದ ಭೂಸೇನೆಯ ಮುಖ್ಯಸ್ಥರಾಗಿದ್ದ ಜನರಲ್ ಕೊಡಂದೇರ ಸುಬ್ಬಯ್ಯ ತಿಮ್ಮಯ್ಯನವರು ಬಾಲ್ಯ ಕಳೆದ ಮನೆ. 2021ರ ಫೆಬ್ರುವರಿ 6ರಂದು ರಾಷ್ಟ್ರಪತಿ ರಾಮನಾಥ ಕೋವಿಂದ್ ಅವರು ಅದನ್ನು ವಸ್ತುಸಂಗ್ರಹಾಲಯವಾಗಿ ಉದ್ಘಾಟಿಸಿದರು.

ಮುಂಡರಗಿಯ ಹುಡುಗನಿಗೆ, ಶಿರಹಟ್ಟಿಯ ಹುಡುಗಿಗೆ ಮಡಿಕೇರಿಯ ಮನೆಯಿಂದ ಏನಾಗಬೇಕು ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಉತ್ತರ ಬಂದೂಕಿನಲ್ಲಿದೆ. ಸ್ವಲ್ಪ ತಾಳ್ಮೆಯಿಂದ ಕೇಳಿ, ಮೊದಲು ಕೊಡಗಿಗೆ ಹೋಗಿ ಬರೋಣ.

ಕೊಡಗು ಹಾಲೇರಿ ವಂಶದ ಅರಸರ ಕೈಯಲ್ಲಿದ್ದ ರಾಜ್ಯ. 1834ರಲ್ಲಿ ಕರ್ನಲ್ ಫ್ರೇಸರ್ ನೇತೃತ್ವದಲ್ಲಿ ಈಸ್ಟ್ ಇಂಡಿಯಾ ಕಂಪನಿ ಕೊನೆಯ ಅರಸ ಚಿಕ್ಕವೀರರಾಜೇಂದ್ರನನ್ನು ಪದಚ್ಯುತಗೊಳಿಸಿ ರಾಜ್ಯವನ್ನು ತನ್ನದಾಗಿಸಿಕೊಂಡಿತು. ಮೂರೇ ವರ್ಷದಲ್ಲಿ, 1837ರಲ್ಲಿ, ಕೊಡಗು ಮತ್ತು ಸುಳ್ಯದ ಕಡೆಯ ರೈತರು ಕಂಪನಿಯ ವಿರುದ್ಧ ಎದ್ದರು. ಅಮರಸುಳ್ಯದ ದಂಗೆ ಎಂದು ನೀವು ಓದಿರುವುದು ಇದೇ. ಅದರ ಮುಂದಾಳುಗಳಲ್ಲಿ ಒಬ್ಬನಾದ ಗುಡ್ಡೆಮನೆ ಅಪ್ಪಯ್ಯಗೌಡನನ್ನು ಆ ವರ್ಷದ ಅಕ್ಟೋಬರ್ 31ರಂದು ಮಡಿಕೇರಿಯ ಕೋಟೆಯಲ್ಲಿ ಗಲ್ಲಿಗೇರಿಸಲಾಯಿತು. ಅದೇ ದಂಗೆಯಲ್ಲಿ ಕಂಪನಿಯ ಪರ ನಿಂತ ಕೊಡವರೂ ಇದ್ದರು. ಅವರಿಗೆ ಪದಕ, ಇನಾಮುಗಳು ಸಂದವು. ಒಂದೇ ಊರಿನಲ್ಲಿ ಒಬ್ಬನಿಗೆ ಹಗ್ಗ, ಇನ್ನೊಬ್ಬನಿಗೆ ಪದಕ. ವಸಾಹತು ಆಳ್ವಿಕೆಯ ಕಥೆಯನ್ನು ಎಲ್ಲಿ ತೆರೆದರೂ ಈ ಎರಡು ಪುಟ ಒಟ್ಟಿಗೇ ಸಿಗುತ್ತವೆ.

ಆಮೇಲೆ ಕಾಫಿ ಬಂತು. ಕಾಫಿ ಗಿಡ ಕೊಡಗಿಗೆ ಹೊಸದಾಗಿರಲಿಲ್ಲ, ಆದರೆ ತೋಟವಾಗಿ ಅದನ್ನು ಬೆಳೆಸುವ ಕೆಲಸ 1854ರಲ್ಲಿ ಜಾನ್ ಫೌಲರ್ ಎಂಬ ಇಂಗ್ಲಿಷಿನವನು ಮಡಿಕೇರಿಯ ಬಳಿ ತೋಟ ತೆರೆದಂದಿನಿಂದ ಶುರುವಾಯಿತು. ಅವನ ಬೆನ್ನಿಗೆ ಇತರ ಯುರೋಪಿಯನ್ನರು ಬಂದರು, ಕಾಡು ಕಡಿದರು, ಗುಡ್ಡದ ಓರೆಯಲ್ಲಿ ಬಂಗಲೆ ಕಟ್ಟಿದರು. ಸ್ಥಳೀಯ ಕುಟುಂಬಗಳೂ ನೋಡಿ ಕಲಿತು ತೋಟ ಮಾಡಿದವು.

ಬಂಗಲೆ ಎನ್ನುವುದು ಕೊಡಗಿಗೆ ಹೊಸ ಬಗೆಯ ಮನೆ. ಕೊಡವರ ಮೂಲ ಮನೆ ಐನ್‌ಮನೆ. ಒಂದು ‘ಒಕ್ಕ’ದ, ಅಂದರೆ ಒಂದು ಮೂಲಪುರುಷನಿಂದ ಬಂದ ಇಡೀ ವಂಶದ ಮನೆ ಅದು. ಗದ್ದೆಯ ಬಯಲಿಗೆ ಮುಖ ಮಾಡಿ ನಿಂತಿರುತ್ತದೆ, ಅಲ್ಲಿ ಪೂರ್ವಿಕರ ನೆನಪಿಗೆ ದೀಪ ಉರಿಯುತ್ತದೆ, ಹಬ್ಬಕ್ಕೆ ಎಲ್ಲೆಲ್ಲಿಂದಲೋ ವಂಶದವರು ಬಂದು ಸೇರುತ್ತಾರೆ. ನಮ್ಮ ವಾಡೆಗೂ ಐನ್‌ಮನೆಗೂ ಹತ್ತಿರದ ಸಂಬಂಧ ಕಾಣುತ್ತದೆ. ಎರಡೂ ಅವಿಭಕ್ತ ಕುಟುಂಬ ಕಟ್ಟಿಕೊಂಡ ಮನೆಗಳು. ಬಂಗಲೆ ಹಾಗಲ್ಲ. ಅದು ಪಟ್ಟಣದಲ್ಲಿ ಗಂಡ, ಹೆಂಡತಿ, ಮಕ್ಕಳು ಇರುವ ಮನೆ. ಐನ್‌ಮನೆಗೆ ಒಕ್ಕದ ಹೆಸರು, ಬಂಗಲೆಗೆ ಇಂಗ್ಲಿಷ್ ಹೆಸರು. ಕೊಡಂದೇರ ಒಕ್ಕದ ಒಂದು ಸಂಸಾರದ ಮನೆಗೆ ‘ಸನ್ನಿ ಸೈಡ್’, ಅಂದರೆ ಬಿಸಿಲ ಬದಿ, ಎಂಬ ಹೆಸರು ಬಂದದ್ದರಲ್ಲೇ ಅರ್ಧ ಚರಿತ್ರೆ ಇದೆ. ಮಳೆಗಾಲದಲ್ಲಿ ತಿಂಗಳುಗಟ್ಟಲೆ ಸೂರ್ಯನ ಮುಖ ಕಾಣದ ಮಡಿಕೇರಿಯಲ್ಲಿ ಬಿಸಿಲಿಗೆ ಎಷ್ಟು ಬೆಲೆ ಎಂದು ನಮ್ಮ ಎರೆಹೊಲದ ಸೀಮೆಯವರಿಗೆ ತಿಳಿಯುವುದು ಕಷ್ಟವೇ!

ಈಗ ಬಂದೂಕಿನ ಮಾತಿಗೆ ಬರೋಣ.

1857ರಲ್ಲಿ ಉತ್ತರ ಭಾರತದಲ್ಲಿ ಸಿಪಾಯಿಗಳು ದಂಗೆ ಎದ್ದಾಗ ಕಂಪನಿ ಸರಕಾರ ಜನರ ಕೈಯಿಂದ ಆಯುಧ ಕಸಿಯುವ ಕಾನೂನು ತಂದಿತು. ಕತ್ತಿ, ಬಂದೂಕು ಏನಿದ್ದರೂ ಸರಕಾರಕ್ಕೆ ತೋರಿಸಿ ಪರವಾನಗಿ ಪಡೆಯಬೇಕು, ಇಲ್ಲವೇ ಒಪ್ಪಿಸಬೇಕು. ನಮ್ಮ ಕಡೆ ಈ ಕಾನೂನು ಹೊತ್ತಿಸಿದ ಬೆಂಕಿಯನ್ನು ನೀವು ಬಲ್ಲಿರಿ. ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಆಯುಧ ಕೊಡಲು ಒಪ್ಪದೆ ಕಾದಿದ್ದು ಇದೇ ಕಾನೂನಿನ ವಿರುದ್ಧ. ಅವರ ಮೇಲಿನ ಲಾವಣಿ ಇಂದಿಗೂ ಪಠ್ಯಪುಸ್ತಕದಲ್ಲಿ ನಮ್ಮ ಮಕ್ಕಳ ಬಾಯಲ್ಲಿದೆ. ಆದರೆ ಮರುವರ್ಷ ಮುಂಡರಗಿ ಸೀಮೆಯಲ್ಲಿ ಆದದ್ದು ಅಷ್ಟು ಪ್ರಚಾರ ಪಡೆಯಲಿಲ್ಲ.

ಗದಗ, ಡಂಬಳ, ಮುಂಡರಗಿಗಳು 1818ರಿಂದ ಕಂಪನಿಯ ನೇರ ಆಡಳಿತದಲ್ಲಿದ್ದವು. ಪಕ್ಕದ ಶಿರಹಟ್ಟಿ ಸಾಂಗಲಿಯ ಪಟವರ್ಧನರದು, ಲಕ್ಷ್ಮೇಶ್ವರ ಮಿರಜದ ಪಟವರ್ಧನರದು. ಅವು ಮುಂಬಯಿ ರಾಜ್ಯಕ್ಕೆ ಸೇರಿದ್ದು 1948ರಲ್ಲಿ. ತುಂಗಭದ್ರೆಯ ಮಗ್ಗುಲಲ್ಲೇ ಕೊಪ್ಪಳ, ಅದು ನಿಜಾಮನ ರಾಜ್ಯ. ಒಂದು ದಿನದ ಎತ್ತಿನ ಗಾಡಿಯ ದಾರಿಯಲ್ಲಿ ಮೂರು ನಾಲ್ಕು ಸರಕಾರಗಳನ್ನು ದಾಟುವಂಥ ಸೀಮೆ. ಇಲ್ಲಿಯ ದೇಸಾಯಿ, ನಾಡಗೌಡ ಮನೆತನಗಳು ಹಿಂದಿನ ಅರಸರ ಕಾಲದ ಹಕ್ಕು, ಉಂಬಳಿಗಳನ್ನು ಒಂದೊಂದಾಗಿ ಕಳೆದುಕೊಳ್ಳುತ್ತಿದ್ದವು. ಮುಂಡರಗಿಯ ಭೀಮರಾಯರು ಅಂಥ ಮನೆತನದವರು. ಕಂಪನಿ ಸರಕಾರದ ನೌಕರಿಯನ್ನೇ ಮಾಡಿ ಹೊರಬಂದಿದ್ದರು ಎಂಬುದನ್ನು ಮರೆಯಬೇಡಿ, ಮುಂದೆ ಈ ಮಾತು ಬೇಕಾಗುತ್ತದೆ.

ತುಂಗಭದ್ರೆಯ ದಂಡೆಯ ಹಮ್ಮಿಗಿಯಲ್ಲಿ ಕೆಂಚನಗೌಡ ದೇಸಾಯಿಯವರ ಮನೆ. ಇವತ್ತು ಹಮ್ಮಿಗಿ ಎಂದರೆ ಸಿಂಗಟಾಲೂರು ಏತ ನೀರಾವರಿಯ ಬ್ಯಾರೇಜು ನೆನಪಾಗುತ್ತದೆ. ಅಂದು ಆ ಊರು ಇನ್ನೊಂದು ಕಾರಣಕ್ಕೆ ಸರಕಾರದ ಕಣ್ಣಿಗೆ ಬಿತ್ತು. ಆಯುಧ ಕೂಡಿಟ್ಟಿದ್ದಾರೆಂಬ ಸುದ್ದಿ ತಿಳಿದು ಡಂಬಳದ ಅಧಿಕಾರಿಗಳು ಅವನ್ನು ಜಪ್ತಿ ಮಾಡಿ ಕಾವಲು ಹಾಕಿದರು. 1858ರ ಮೇ 24ರಂದು ಭೀಮರಾಯರೂ ಕೆಂಚನಗೌಡರೂ ತಮ್ಮ ಜನರೊಂದಿಗೆ ಕಾವಲಿನವರ ಮೇಲೆ ಬಿದ್ದು ಆಯುಧಗಳನ್ನು ಮರಳಿ ವಶಪಡಿಸಿಕೊಂಡರು. ಅಲ್ಲಿಂದ ಡಂಬಳದ ಖಜಾನೆ, ಆಮೇಲೆ ಕೊಪ್ಪಳದ ಕೋಟೆ. ಅತ್ತ ನರಗುಂದದ ಬಾಬಾಸಾಹೇಬರೂ ಎದ್ದರು. ಸುರೇಬಾನದಲ್ಲಿ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್‌ನ ಕೊಲೆಯಾಯಿತು. ಆದರೆ ಎಲ್ಲವೂ ಒಂದೆರಡು ವಾರದಲ್ಲಿ ಮುಗಿದುಹೋಯಿತು. ಜೂನ್ 1ರಂದು ಕೊಪ್ಪಳದ ಕೋಟೆ ಬಿತ್ತು, ಭೀಮರಾಯರೂ ಕೆಂಚನಗೌಡರೂ ಅಲ್ಲಿಯೇ ಮಡಿದರು. ಜೂನ್ 12ರಂದು ಬಾಬಾಸಾಹೇಬರನ್ನು ಬೆಳಗಾವಿಯಲ್ಲಿ ಗಲ್ಲಿಗೇರಿಸಲಾಯಿತು.

ಇತ್ತ ಕೊಡಗಿನಲ್ಲಿ ಏನಾಯಿತು? ಕೊಡವರಿಗೆ ಬಂದೂಕು ಬರೀ ಆಯುಧವಲ್ಲ, ಮನೆಯ ಒಬ್ಬ ಸದಸ್ಯನಿದ್ದಂತೆ. ಗಂಡು ಮಗು ಹುಟ್ಟಿದರೆ ಗುಂಡು ಹಾರಿಸುತ್ತಾರೆ, ಸತ್ತರೂ ಹಾರಿಸುತ್ತಾರೆ, ಕೈಲ್ ಪೊಳ್ದ್ ಹಬ್ಬದಲ್ಲಿ ಪೂಜೆ ಮಾಡುತ್ತಾರೆ. 1861ರ ಫೆಬ್ರುವರಿಯಲ್ಲಿ, ಅಂದರೆ ಭೀಮರಾಯರು ಮಡಿದು ಮೂರು ವರ್ಷವೂ ತುಂಬುವ ಮುನ್ನ, ಮೈಸೂರು ಮತ್ತು ಕೊಡಗಿನ ಆಡಳಿತ ನಡೆಸುತ್ತಿದ್ದ ಮಾರ್ಕ್ ಕಬ್ಬನ್ ಒಂದು ಘೋಷಣೆ ಹೊರಡಿಸಿದ. ಕೊಡವರ ನಿಷ್ಠೆಯನ್ನು ಮೆಚ್ಚಿ ಆಯುಧ ಕಾನೂನಿನಿಂದ ಅವರಿಗೆ ವಿನಾಯಿತಿ ಕೊಟ್ಟ. ಬೆಂಗಳೂರಿನ ಕಬ್ಬನ್ ಪಾರ್ಕಿನ ಹೆಸರಿನಲ್ಲಿರುವವನೇ ಈತ. ಆ ವಿನಾಯಿತಿ ಬೇರೆ ಬೇರೆ ರೂಪದಲ್ಲಿ ಇಂದಿನವರೆಗೂ ನಡೆದುಬಂದಿದೆ.

ಒಂದೇ ಕಾನೂನು. ಅದರ ಹೆಸರಿನಲ್ಲಿ ಹಮ್ಮಿಗಿಯ ದೇಸಾಯಿಯವರ ಆಯುಧ ಜಪ್ತಿಯಾಯಿತು, ಕೊಡಗಿನ ಮನೆಗಳಲ್ಲಿ ಗೋಡೆಯ ಮೇಲಿನ ಬಂದೂಕು ಗೋಡೆಯ ಮೇಲೆಯೇ ಉಳಿಯಿತು. ಒಂದು ಕಡೆ ಅವಮಾನದ ನೆನಪು, ಇನ್ನೊಂದು ಕಡೆ ಗೌರವದ ನೆನಪು. ಇದರಿಂದ ನಮ್ಮವರು ಶೂರರು, ಕೊಡಗಿನವರು ಸರಕಾರದ ಜನ ಎಂದು ಯಾರಾದರೂ ತೀರ್ಮಾನಿಸಿದರೆ ಅದು ಅವಸರದ ತೀರ್ಮಾನ. ಸನ್ನಿ ಸೈಡ್ ಮನೆಯ ಮಕ್ಕಳ ಕಥೆ ಕೇಳಿದರೆ ನಿಮಗೇ ಗೊತ್ತಾಗುತ್ತದೆ.

ತಿಮ್ಮಯ್ಯನವರು ಹುಟ್ಟಿದ್ದು 1906ರ ಮಾರ್ಚ್ 31ರಂದು, ಮಡಿಕೇರಿಯಲ್ಲಿ. ಮನೆಯವರು ಕರೆಯುತ್ತಿದ್ದ ಹೆಸರು ದುಬ್ಬು. ತಾಯಿ ಚೆಪ್ಪುಡಿರ ಮನೆತನದವರು, ವಿದ್ಯಾವಂತೆ. ಸಮಾಜ ಸೇವೆಗಾಗಿ ಬ್ರಿಟಿಷ್ ಸರಕಾರದ ಕೈಸರ್-ಎ-ಹಿಂದ್ ಪದಕ ಪಡೆದವರು. ಹುಡುಗನನ್ನು ಮೊದಲು ಕೂನೂರಿನ ಶಾಲೆಗೆ, ಆಮೇಲೆ ಬೆಂಗಳೂರಿನ ಬಿಷಪ್ ಕಾಟನ್ ಶಾಲೆಗೆ ಕಳಿಸಿದರು. ಭಾರತೀಯರಿಗೆ ಸೇನೆಯಲ್ಲಿ ಅಧಿಕಾರಿಗಳಾಗುವ ಬಾಗಿಲು ಆಗತಾನೆ ಸ್ವಲ್ಪ ತೆರೆದಿತ್ತು. 1918ರಲ್ಲಿ ಇಂಗ್ಲೆಂಡಿನ ಸ್ಯಾಂಡ್‌ಹರ್ಸ್ಟ್ ಸೈನಿಕ ಕಾಲೇಜಿನಲ್ಲಿ ವರ್ಷಕ್ಕೆ ಹತ್ತು ಸ್ಥಾನಗಳನ್ನು ಭಾರತೀಯರಿಗೆ ಇಟ್ಟಿದ್ದರು. ಇಡೀ ದೇಶಕ್ಕೆ ಹತ್ತು! ಅಲ್ಲಿಗೆ ಹುಡುಗರನ್ನು ಅಣಿಗೊಳಿಸಲು 1922ರಲ್ಲಿ ಡೆಹ್ರಾಡೂನಿನಲ್ಲಿ ಒಂದು ಸೈನಿಕ ಶಾಲೆ ತೆರೆದರು. ತಿಮ್ಮಯ್ಯನವರು ಆ ದಾರಿಯಲ್ಲೇ ಹೋಗಿ 1926ರಲ್ಲಿ ಅಧಿಕಾರಿಯಾದರು, ಮುಂದೆ 19ನೇ ಹೈದರಾಬಾದ್ ರೆಜಿಮೆಂಟ್ ಸೇರಿದರು.

ದೇಶದಲ್ಲಿ ಆಗ ಅಸಹಕಾರ ಚಳವಳಿ ಆಗಿಹೋಗಿತ್ತು, ಉಪ್ಪಿನ ಸತ್ಯಾಗ್ರಹ ಬರಲಿತ್ತು. ಬ್ರಿಟಿಷರ ಸಮವಸ್ತ್ರ ತೊಟ್ಟ ಭಾರತೀಯ ಯುವಕರ ಮನಸ್ಸಿನಲ್ಲಿ ಏನು ನಡೆದಿರಬಹುದು? ಅಲಹಾಬಾದಿನಲ್ಲಿದ್ದಾಗ ತಿಮ್ಮಯ್ಯನವರಿಗೆ ಮೋತಿಲಾಲ ನೆಹರೂ ಅವರ ಪರಿಚಯವಾದ ಪ್ರಸಂಗ ಅವರ ಜೀವನಚರಿತ್ರೆಯಲ್ಲಿ ಬರುತ್ತದೆ. ಸೇನೆ ಬಿಟ್ಟು ಚಳವಳಿಗೆ ಬರಲೇ ಎಂದು ಈ ಯುವಕರು ಕೇಳಿದಾಗ ಮೋತಿಲಾಲರು ಬೇಡವೆಂದರಂತೆ. ಸ್ವಾತಂತ್ರ್ಯ ಬಂದ ಮೇಲೆ ದೇಶಕ್ಕೆ ಸೇನೆ ಬೇಕು, ಅದನ್ನು ನಡೆಸಲು ಕಲಿತವರು ಬೇಕು ಎಂಬುದು ಅವರ ವಾದ. ಚಳವಳಿಯ ಮುಂದಾಳು ಒಬ್ಬರು ಸರಕಾರದ ಸಿಪಾಯಿಗೆ ನೌಕರಿ ಬಿಡಬೇಡ ಎಂದದ್ದು ನಮಗೆ ವಿಚಿತ್ರವೆನಿಸಬಹುದು. ಹದಿನೇಳು ವರ್ಷಗಳ ನಂತರ, 1947ರಲ್ಲಿ, ಆ ಮಾತಿನ ಅರ್ಥ ತಿಳಿಯಿತು.

ಅದಕ್ಕೂ ಮೊದಲು ಎರಡನೆಯ ಮಹಾಯುದ್ಧ. ಸನ್ನಿ ಸೈಡ್ ಮನೆಯ ಮೂವರು ಗಂಡುಮಕ್ಕಳೂ ಸೇನೆಯ ಅಧಿಕಾರಿಗಳಾದರು. 1942ರ ಫೆಬ್ರುವರಿಯಲ್ಲಿ ಸಿಂಗಾಪುರ ಜಪಾನೀಯರ ಕೈಸೇರಿತು, ಸಾವಿರಾರು ಭಾರತೀಯ ಸೈನಿಕರು ಸೆರೆಯಾದರು, ಅವರಲ್ಲಿ ಅನೇಕರು ಆಜಾದ್ ಹಿಂದ್ ಫೌಜಿಗೆ ಸೇರಿದರು. ಹಾಗೆ ಆ ಫೌಜಿಗೆ ಸೇರಿದವರಲ್ಲಿ ಈ ಮನೆಯ ಹಿರಿಯ ಮಗ ಪೊನ್ನಪ್ಪನವರೂ ಒಬ್ಬರು. ಅತ್ತ ತಮ್ಮ ತಿಮ್ಮಯ್ಯನವರು ಬರ್ಮಾದ ಅರಾಕಾನಿನಲ್ಲಿ ಬ್ರಿಟಿಷ್ ಇಂಡಿಯಾದ ಸೇನೆಯ ಪಡೆಯನ್ನು ನಡೆಸುತ್ತಿದ್ದರು. 1945ರ ಜನವರಿಯಲ್ಲಿ ಕಂಗಾವ್ ಎಂಬಲ್ಲಿ ಜಪಾನೀಯರ ವಿರುದ್ಧ ಘೋರ ಯುದ್ಧವಾಯಿತು. ಅಲ್ಲಿ ಭಾರತೀಯ ಅಧಿಕಾರಿಗಳೇ ನಡೆಸಿದ ಮೂರು ಬೆಟಾಲಿಯನ್‌ಗಳು ಹೋರಾಡಿದವು. ಅವುಗಳಲ್ಲಿ ಒಂದರ ನಾಯಕರು ತಿಮ್ಮಯ್ಯ. ಅಣ್ಣ ನೇತಾಜಿಯ ಫೌಜಿನಲ್ಲಿ, ತಮ್ಮ ಅದಕ್ಕೆ ಎದುರಾದ ಸೇನೆಯಲ್ಲಿ. ಒಂದೇ ತಾಯಿ, ಒಂದೇ ಮನೆ.

ಮಡಿಕೇರಿಯ ಆ ಬಂಗಲೆಯ ಜಗಲಿಯಲ್ಲಿ ಯುದ್ಧದ ಸುದ್ದಿಗಾಗಿ ಕಾದವರಿಗೆ ಯಾವ ಪಕ್ಷದ ಗೆಲುವು ಬೇಕಾಗಿತ್ತು? ಪಠ್ಯಪುಸ್ತಕದಲ್ಲಿ ಬ್ರಿಟಿಷರ ಪರ, ಬ್ರಿಟಿಷರ ವಿರುದ್ಧ ಎಂದು ಎರಡು ಅಂಕಣ ಮಾಡಿ ಹೆಸರು ತುಂಬುವುದು ಸುಲಭ. ಈ ಮನೆಯ ಹೆಸರನ್ನು ಯಾವ ಅಂಕಣದಲ್ಲಿ ಬರೆಯುತ್ತೀರಿ? ಸರಕಾರದ ನೌಕರಿ ಮಾಡಿ, ಅದೇ ಸರಕಾರದ ಖಜಾನೆಗೆ ಕೈಹಾಕಿದ ಭೀಮರಾಯರನ್ನು ನೆನೆದುಕೊಳ್ಳಿ. ಆ ಕಾಲದಲ್ಲಿ ಸರಕಾರದ ಅನ್ನ ಉಂಡವರೆಲ್ಲ ಸರಕಾರದವರಾಗಿರಲಿಲ್ಲ. ಸನ್ನಿ ಸೈಡಿನಂಥ ಮನೆಯನ್ನು ಉಳಿಸಿಕೊಳ್ಳಬೇಕೆಂದು ನನಗೆ ಅನಿಸುವುದು ಮುಖ್ಯವಾಗಿ ಈ ಕಾರಣಕ್ಕೆ. ಸೇನಾನಿಯ ಪರಾಕ್ರಮ ಹೇಳಲು ಪುಸ್ತಕಗಳಿವೆ, ಪ್ರತಿಮೆಗಳಿವೆ. ಆದರೆ ಒಂದು ಸಂಸಾರ ಎರಡು ದಿಕ್ಕಿಗೆ ಹಂಚಿಹೋದದ್ದನ್ನು ಹೇಳಬಲ್ಲದ್ದು ಆ ಸಂಸಾರ ಬಾಳಿದ ಮನೆ.

ಸ್ವಾತಂತ್ರ್ಯದ ಮೇಲೆ ಕಾಶ್ಮೀರ. 1948ರಲ್ಲಿ ಶ್ರೀನಗರದ ವಿಭಾಗದ ಸೇನೆ ತಿಮ್ಮಯ್ಯನವರ ಕೈಯಲ್ಲಿತ್ತು. ಅವರ ಮೇಲಧಿಕಾರಿಯಾಗಿದ್ದವರು ಕೊಡಗಿನವರೇ ಆದ ಕಾರ್ಯಪ್ಪನವರು. ಲಡಾಖಿಗೆ ಹೋಗುವ ದಾರಿಯ ಜೋಜಿ ಲಾ ಕಣಿವೆ ಎದುರಾಳಿಗಳ ವಶದಲ್ಲಿತ್ತು. ಹನ್ನೊಂದು ಸಾವಿರ ಅಡಿಗೂ ಎತ್ತರದ ಆ ಹಿಮದ ಕಣಿವೆಗೆ ಟ್ಯಾಂಕು ಏರುತ್ತದೆ ಎಂದು ಯಾರೂ ಎಣಿಸಿರಲಿಲ್ಲ. ಹಗುರ ಟ್ಯಾಂಕುಗಳನ್ನು ಗುಟ್ಟಾಗಿ ಸಾಗಿಸಿ, ದಾರಿ ಕಡಿದು, 1948ರ ನವೆಂಬರ್ 1ರಂದು ಮೇಲೇರಿಸಿದರು. ಕಣಿವೆ ಕೈವಶವಾಯಿತು, ಲೇಹ್ ಉಳಿಯಿತು. ಅದೇ ಕಾಶ್ಮೀರದ ಕಾರ್ಯಾಚರಣೆಯಲ್ಲಿ ನೆಲಬಾಂಬು ಸಿಡಿದು ಮನೆಯ ಕಿರಿಯ ಮಗ ಸೋಮಯ್ಯನವರು ತೀರಿಕೊಂಡರು. ಜೋಜಿ ಲಾ ಗೆಲುವನ್ನು ಓದುವಾಗ ಈ ಸಾವನ್ನೂ ಜೊತೆಗೇ ಓದಬೇಕು.

ಮುಂದಿನದನ್ನು ಬೇಗ ಹೇಳಿಬಿಡುತ್ತೇನೆ, ಅದು ಎಲ್ಲ ಪುಸ್ತಕಗಳಲ್ಲೂ ಸಿಗುತ್ತದೆ. ಕೊರಿಯಾ ಯುದ್ಧ ನಿಂತ ಮೇಲೆ ಸ್ವದೇಶಕ್ಕೆ ಮರಳಲು ಒಪ್ಪದ 22 ಸಾವಿರಕ್ಕೂ ಹೆಚ್ಚು ಯುದ್ಧಕೈದಿಗಳ ಪ್ರಶ್ನೆ ನೋಡಿಕೊಳ್ಳಲು ನೇಮಿಸಿದ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ 1953-54ರಲ್ಲಿ ತಿಮ್ಮಯ್ಯನವರು ಅಧ್ಯಕ್ಷರಾಗಿದ್ದರು. 1954ರಲ್ಲಿ ಪದ್ಮಭೂಷಣ. 1957ರ ಮೇ ತಿಂಗಳಿಂದ 1961ರ ಮೇ ತಿಂಗಳವರೆಗೆ ಭೂಸೇನೆಯ ಮುಖ್ಯಸ್ಥರು. 1959ರಲ್ಲಿ ರಕ್ಷಣಾ ಸಚಿವ ಕೃಷ್ಣ ಮೆನನ್ ಅವರೊಂದಿಗಿನ ಭಿನ್ನಾಭಿಪ್ರಾಯದಿಂದ ರಾಜೀನಾಮೆ ಕೊಟ್ಟು, ಪ್ರಧಾನಿ ನೆಹರೂ ಅವರ ಮಾತಿಗೆ ಹಿಂತೆಗೆದುಕೊಂಡರು. 1962ರ ಚೀನಾ ಯುದ್ಧದ ಚರ್ಚೆ ಬಂದಾಗಲೆಲ್ಲ ಆ ರಾಜೀನಾಮೆಯ ಮಾತೂ ಬರುತ್ತದೆ. ನಿವೃತ್ತಿಯ ನಂತರ 1964ರಲ್ಲಿ ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಯ ದಂಡನಾಯಕರಾಗಿ ಸೈಪ್ರಸ್ ದ್ವೀಪಕ್ಕೆ ಹೋದರು. ಅಲ್ಲಿ ಗ್ರೀಕರಿಗೂ ತುರ್ಕರಿಗೂ ನಡುವೆ ಕಾದಾಟ. ಕೆಲಸದಲ್ಲಿರುವಾಗಲೇ 1965ರ ಡಿಸೆಂಬರ್ 18ರಂದು ತೀರಿಕೊಂಡರು. ಮರುವರ್ಷ ಸೈಪ್ರಸ್ ಸರಕಾರ ಅವರ ಸ್ಮರಣೆಗೆ ಅಂಚೆಚೀಟಿ ಹೊರತಂದಿತು.

ಇತ್ತ ಸನ್ನಿ ಸೈಡ್ ಮನೆಗೆ ಏನಾಯಿತು?

ಅದು ಸರಕಾರದ ಕೈಗೆ ಬಂತು, ಪ್ರಾದೇಶಿಕ ಸಾರಿಗೆ ಕಚೇರಿಯಾಯಿತು. ಅಂದರೆ ನಾವು ಆರ್‌ಟಿಓ ಎನ್ನುವ ಕಚೇರಿ. ಮೂವರು ಸೈನಿಕರು ಬೆಳೆದ ಕೋಣೆಗಳಲ್ಲಿ ಕಡತಗಳ ಕಪಾಟು, ಜಗಲಿಯಲ್ಲಿ ಲೈಸೆನ್ಸಿಗೆ ಬಂದವರ ಸಾಲು. ಇದನ್ನು ಅವಮಾನ ಎಂದು ದುಃಖಪಟ್ಟವರಿದ್ದಾರೆ. ಆದರೆ ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ಮಡಿಕೇರಿಯ ಮಳೆಯಲ್ಲಿ ಬೀಗ ಹಾಕಿದ ಮನೆ ಎಷ್ಟು ವರ್ಷ ನಿಂತೀತು? ಹಂಚು ಜರುಗುತ್ತದೆ, ನೀರು ಇಳಿಯುತ್ತದೆ, ತೊಲೆ ಕೊಳೆಯುತ್ತದೆ. ದಿನಾ ಬಾಗಿಲು ತೆರೆಯುವ ಕಚೇರಿಯಾದ್ದರಿಂದ ಆ ಮನೆಗೆ ಸುಣ್ಣ ಬಳಿಯುವವರು, ಸೋರಿದರೆ ಹಂಚು ಬದಲಿಸುವವರು ಇದ್ದಿರಲೇಬೇಕು. ಆ ಕಚೇರಿಗೆ ಮನೆಯ ಬೆಲೆ ಗೊತ್ತಿತ್ತೋ ಇಲ್ಲವೋ, ಮನೆಯಂತೂ ನಿಂತಿತು. ನಮ್ಮ ಕಡೆಯೂ ಶಾಲೆ, ಪಂಚಾಯಿತಿ, ಅಂಚೆ ಕಚೇರಿ ಇಟ್ಟುಕೊಂಡ ವಾಡೆ ಬೀಗ ಹಾಕಿದ ವಾಡೆಗಿಂತ ಹೆಚ್ಚು ಕಾಲ ಬಾಳುತ್ತದೆ, ಗಮನಿಸಿ ನೋಡಿ.

ಆಮೇಲೆ ಫೀಲ್ಡ್ ಮಾರ್ಷಲ್ ಕಾರ್ಯಪ್ಪ ಮತ್ತು ಜನರಲ್ ತಿಮ್ಮಯ್ಯ ಫೋರಂ ಎಂಬ ಸಂಘಟನೆಯವರು, ನಿವೃತ್ತ ಸೈನಿಕರು, ಊರಿನವರು ಈ ಮನೆಯನ್ನು ಸ್ಮಾರಕ ಮಾಡಬೇಕೆಂದು ವರ್ಷಗಟ್ಟಲೆ ಸರಕಾರದ ಬೆನ್ನು ಹತ್ತಿದರು. ಕಚೇರಿ ಬೇರೆಡೆಗೆ ಹೋಯಿತು. ಕನ್ನಡ ಮತ್ತು ಸಂಸ್ಕೃತಿ ಇಲಾಖೆ ಹಣ ಒದಗಿಸಿತು. ಕೆಲಸ ಕುಂಟುತ್ತ ಸಾಗಿ 2021ಕ್ಕೆ ಮುಗಿಯಿತು. ಹೀಗೆ ಮನೆ ಮೊದಲು ಸಂಸಾರವಾಗಿ, ನಂತರ ಕಚೇರಿಯಾಗಿ, ಈಗ ವಸ್ತುಸಂಗ್ರಹಾಲಯವಾಗಿ ಮೂರನೆಯ ಜನ್ಮ ಪಡೆದಿದೆ.

ಇಂದು ನೀವು ಹೋದರೆ ಹೊರಗೆ ಒಂದು ಯುದ್ಧ ಟ್ಯಾಂಕು ನಿಂತಿರುವುದನ್ನು ನೋಡುತ್ತೀರಿ. ಆವರಣದಲ್ಲಿ ಹುತಾತ್ಮ ಯೋಧರ ಸ್ಮಾರಕವಿದೆ. ಒಳಗೆ ಕೋಣೆ ಕೋಣೆಗೆ ತಿಮ್ಮಯ್ಯನವರ ಬಾಲ್ಯ, ಸೈನಿಕ ಜೀವನ, ಕೊರಿಯಾ, ಸೈಪ್ರಸ್ ಎಂದು ಚಿತ್ರಗಳು, ವಿವರಗಳು. ಹಿಂದಿನ ಯುದ್ಧಗಳಲ್ಲಿ ಬಳಸಿದ ಆಯುಧಗಳನ್ನೂ ಇಟ್ಟಿದ್ದಾರೆ. ಮಕ್ಕಳು ಮೊದಲು ಓಡುವುದು ಟ್ಯಾಂಕಿನ ಬಳಿಗೆ, ಆಮೇಲೆ ಬಂದೂಕಿನ ಬಳಿಗೆ. ನೀವೂ ಓಡಿ, ತಪ್ಪಿಲ್ಲ. ಆದರೆ ನೋಡಿ ಮುಗಿದ ಮೇಲೆ ಹಿಂತಿರುಗಿ ಬಂದು ಮನೆಯನ್ನು ನೋಡಿ. ಅಡುಗೆ ಎಲ್ಲಿ ಆಗುತ್ತಿತ್ತು? ಆಳುಗಳು ಯಾವ ಬಾಗಿಲಿನಿಂದ ಬರುತ್ತಿದ್ದರು? ತೋಟದಲ್ಲಿ ದುಡಿದವರ ಹೆಸರು ಈ ಗೋಡೆಗಳ ಮೇಲೆ ಎಲ್ಲಾದರೂ ಇದೆಯೇ? ತಾಯಿಯ ವಿಷಯ ಎಷ್ಟು ಹೇಳಿದ್ದಾರೆ? ಅಣ್ಣ ಪೊನ್ನಪ್ಪನವರಿಗೆ ಎಷ್ಟು ಜಾಗ ಸಿಕ್ಕಿದೆ? ಈ ಪ್ರಶ್ನೆಗಳನ್ನು ಅಲ್ಲಿಯ ಸಿಬ್ಬಂದಿಯನ್ನು ಕೇಳಿದರೆ ಅವರು ಬೇಸರಪಟ್ಟುಕೊಳ್ಳಲಾರರು. ವಸ್ತುಸಂಗ್ರಹಾಲಯ ಎಂದರೆ ಉತ್ತರ ಬರೆದಿಟ್ಟ ಗೈಡು ಪುಸ್ತಕವಲ್ಲವಷ್ಟೆ.

ಬಂದೂಕಿನ ಮುಂದೆ ನಿಂತಾಗ ಮಾತ್ರ ಹಮ್ಮಿಗಿಯನ್ನು ನೆನೆಸಿಕೊಳ್ಳಿ. ಒಂದು ಮನೆಯ ಆಯುಧಗಳು ಗಾಜಿನ ಹಿಂದೆ ಗೌರವದಿಂದ ಕೂತಿವೆ. ಇನ್ನೊಂದು ಮನೆಯ ಆಯುಧಗಳಿಗಾಗಿ ಕೊಪ್ಪಳದ ಕೋಟೆಯಲ್ಲಿ ಇಬ್ಬರು ನಾಯಕರೂ ಅವರ ಜನರೂ ಪ್ರಾಣ ಕೊಟ್ಟರು. ಮಡಿಕೇರಿಯವರು ತಮ್ಮ ಮನೆಗಾಗಿ ವರ್ಷಗಟ್ಟಲೆ ಅರ್ಜಿ ಬರೆದರು, ಅದು ಉಳಿಯಿತು. ನಮ್ಮ ಸೀಮೆಯಲ್ಲಿ 1858ನ್ನು ನೆನಪಿಸುವ ಮನೆಯೊಂದನ್ನು ಉಳಿಸಲು ಯಾರು ಅರ್ಜಿ ಬರೆಯಬೇಕು?

ಅರ್ಜಿಗಿಂತ ಮೊದಲು ಮಾಡಬೇಕಾದ ಕೆಲಸ ಒಂದಿದೆ, ಅದಕ್ಕೆ ಸರಕಾರದ ಹಣ ಬೇಡ. ಈ ಬೇಸಿಗೆ ರಜೆಯಲ್ಲಿ ನಿಮ್ಮ ಊರಿನ ಹಳೆಯ ವಾಡೆಗೆ ಒಂದು ನೋಟ್‌ಬುಕ್ಕು, ಒಂದು ಅಳತೆಯ ಟೇಪು ತೆಗೆದುಕೊಂಡು ಹೋಗಿ. ಮನೆಯವರ ಅಪ್ಪಣೆ ಕೇಳಿ ಒಳಗೆ ಬನ್ನಿ. ಕಂಬ ಎಷ್ಟು, ಯಾವ ಮರ, ಬಾಗಿಲ ಚೌಕಟ್ಟಿನ ಮೇಲೆ ಏನು ಕೆತ್ತಿದ್ದಾರೆ, ಇಸವಿ ಇದೆಯೇ, ಯಾವ ಲಿಪಿಯಲ್ಲಿದೆ ಎಂದು ಬರೆದುಕೊಳ್ಳಿ. ಸಾಂಗಲಿ, ಮಿರಜ ಸಂಸ್ಥಾನಗಳಿಗೆ ಸೇರಿದ್ದ ಊರುಗಳಲ್ಲಿ ಮೋಡಿ ಲಿಪಿಯ ಕಾಗದಗಳು ಸಿಕ್ಕರೆ ಅವನ್ನು ಒಲೆಗೆ ಹಾಕದಂತೆ ಮನೆಯವರಿಗೆ ಹೇಳಿ, ನಿಮ್ಮ ಇತಿಹಾಸದ ಗುರುಗಳಿಗೆ ತಿಳಿಸಿ. ಕಂಬ ಮಾರುವ ಮಾತು ನಡೆದಿದ್ದರೆ ಕನಿಷ್ಠ ಅದರ ಫೋಟೋ ತೆಗೆದಿಟ್ಟುಕೊಳ್ಳಿ. ಮನೆಯ ಹಿರಿಯ ಅಜ್ಜಿಯೊಬ್ಬರು ಇದ್ದರೆ ಅವರ ಪಕ್ಕದಲ್ಲಿ ಕಟ್ಟೆಯ ಮೇಲೆ ಕುಳಿತು ಮಾತಿಗೆ ಎಳೆಯಿರಿ. ಯುದ್ಧ, ರಾಜರು ಎಂದು ಶುರುಮಾಡಬೇಡಿ, ಅಜ್ಜಿ ನನಗೇನು ಗೊತ್ತು ಎಂದುಬಿಡುತ್ತಾರೆ. ಹಗೇವಿನ ಬಾಯಿ ಎಲ್ಲಿತ್ತು, ಬರಗಾಲದಲ್ಲಿ ಅದನ್ನು ಯಾರಿಗಾಗಿ ತೆಗೆದರು ಎಂದು ಕೇಳಿ.